ಬೋವಾ ಎಂದುಕೊಂಡು ಸಾಕಿದ ಹಾವು

ಅಂಕಲ್ ಅವರ ಬಲಗೈ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ಗೋದಾಮಿನಲ್ಲಿ ಯಾವಾಗಲೋ ಎರಡು ಪೆಟ್ಟಿಗೆಗಳ ನಡುವೆ ಸಿಕ್ಕಿ ಜಜ್ಜಿಹೋದ ಬೆರಳು ಅದು. ಫೋನಿನ ಪರದೆ ಆ ಬೆರಳಿಗೆ ಜಗ್ಗುತ್ತಿರಲಿಲ್ಲ. ಹಾಗಾಗಿ ನಡುಬೆರಳಿನಿಂದ ಪುಟ ಸರಿಸುತ್ತ, ಇಗರ್ಜಿಯಲ್ಲಿ ಬೈಬಲ್ ಓದುವವರ ಹಾಗೆ, ಒಂದೊಂದು ಪದವನ್ನೂ ಗಟ್ಟಿಯಾಗಿ ಓದುತ್ತಿದ್ದರು.

ಮೆಲ್ಬರ್ನಿಗೆ ಬಂದ ಮೊದಲ ವರ್ಷ ನಾನು ಟ್ರುಗನಿನಾದ ಅವರ ಮನೆಯಲ್ಲಿ ಬಾಡಿಗೆಗಿದ್ದೆ. ಅವರು ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಅಂಕಲ್ ಗೋದಾಮಿನಲ್ಲಿ ಸೂಪರ್‌ವೈಸರ್, ಆಂಟಿ ನರ್ಸ್. ನನ್ನನ್ನು ಅಂಕಲ್ ಹೆಸರು ಹಿಡಿದು ಕರೆದದ್ದೇ ಇಲ್ಲ, ನಾನು ಬರೀ 'ಹುಬ್ಬಳ್ಳಿ'. ಮನೆಗೆ ಹೊಸ ವಸ್ತು ಯಾವುದು ಬಂದರೂ ಅದರ ಜೊತೆಗಿನ ಪುಸ್ತಿಕೆಯನ್ನು ಕೊನೆಯ ಪುಟದವರೆಗೆ ಓದದೆ ಅವರು ಸ್ವಿಚ್ ಒತ್ತುತ್ತಿರಲಿಲ್ಲ. ಚಳಿಗಾಲದಲ್ಲಿ ನಾನು ಜ್ವರದಿಂದ ನಡುಗುತ್ತಿದ್ದಾಗಲೂ ಹೊಸ ಹೀಟರ್ ಹಚ್ಚುವ ಮೊದಲು ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಎಚ್ಚರಿಕೆಗಳನ್ನೆಲ್ಲ ಓದಿದರು.

"ಅಂಕಲ್, ಅಷ್ಟೊತ್ತಿಗೆ ನಾ ಸತ್ತೇ ಹೋಗ್ತೀನ್ರಿ."

"ಸುಮ್ಮನಿರು ಮಾರಾಯ. ಅಂದಾಜಿಗೆ ಮಾಡುದು ಬೇಡ. ಓದಿ ಮಾಡುವ."

ನಾನು ಕೆಲಸ ಬದಲಿಸಿ ಸಿಡ್ನಿಯ ಚಾಟ್ಸ್‌ವುಡ್‌ಗೆ ಬಂದ ಮೇಲೆ ಅವರ ಗರಾಜಿಗೆ ಹಾವು ಬಂತು. ಊರು ಬಿಟ್ಟು ಹೋಗುವ ಅವಸರದಲ್ಲಿದ್ದ ಲಾರಿ ಡ್ರೈವರೊಬ್ಬ ಗಾಜಿನ ಪೆಟ್ಟಿಗೆಯ ಸಮೇತ ಕೊಟ್ಟುಹೋಗಿದ್ದ. "ನ್ಯೂಗಿನಿಯ ಬೋವಾ, ಹೆಬ್ಬಾವಿನ ಥರದ ಅಪರೂಪದ ಜಾತಿ, ವಿಷ ಇಲ್ಲ. ಆದರೆ ಯಾರಿಗೂ ಹೇಳಬೇಡ" ಎಂದಿದ್ದನಂತೆ. ಆಸ್ಟ್ರೇಲಿಯಾದಲ್ಲಿ ಹೊರದೇಶದ ಹಾವು ಸಾಕುವಂತಿಲ್ಲ, ಸಿಕ್ಕರೆ ಸರ್ಕಾರದವರು ಒಯ್ದು ಕೊಲ್ಲುತ್ತಾರೆ. ಅಂಕಲ್ ಮನಸ್ಸಿಗೆ ನಾಟಿದ್ದು ಆ ಕೊಲ್ಲುವ ಮಾತು.

"ಫೈನ್ ಹಾಕಿದ್ರೆ ಹಾಕಲಿ, ಕಟ್ಟುವ. ಆದ್ರೆ ಇದು ಎಂತ ತಪ್ಪು ಮಾಡಿದೆ, ಹೇಳು?" ಎಂದು ಫೋನಿನಲ್ಲಿ ಕೇಳಿದರು.

"ನನ್ನ ಬಂಗುಡೆ ಮೀನಿನ ಪಕ್ಕ ಅದರ ಇಲಿ ಇಟ್ರೆ ನಾನು ಈ ಮನೆ ಬಿಟ್ಟೆ" ಎಂದು ಹಿಂದಿನಿಂದ ಆಂಟಿಯ ದನಿ. ಅಂಕಲ್ ಹೆಪ್ಪುಗಟ್ಟಿಸಿದ ಇಲಿಗಳಿಗೆಂದೇ ಗರಾಜಿನಲ್ಲಿ ಪುಟ್ಟ ಫ್ರೀಜರ್ ತಂದಿಟ್ಟರು.

ಅಂದಿನಿಂದ ಪ್ರತಿ ಭಾನುವಾರ ವಿಡಿಯೋ ಕಾಲ್. ನಾನು ಅಮೆರಿಕದವರು ಬರೆದ ಪುಟಗಳನ್ನು ಹುಡುಕುವುದು, ಅಲ್ಲಿನ ಡಿಗ್ರಿಗಳನ್ನು ನಮ್ಮ ಲೆಕ್ಕಕ್ಕೆ ತಿರುಗಿಸುವುದು, ಅವರು ಥರ್ಮಾಮೀಟರ್ ಹಿಡಿದು ಪರೀಕ್ಷಿಸುವುದು. ಸಾಮಾನ್ಯ ಬೋವಾಗಳ ಬಗ್ಗೆ ಬೇಕಾದಷ್ಟಿತ್ತು, ಈ ಜಾತಿಯ ಬಗ್ಗೆ ಸಿಕ್ಕಿದ್ದು ನಾಲ್ಕಾರು ಪುಟ. ಚಿತ್ರಗಳು ಮಾತ್ರ ಹೊಂದುತ್ತಿದ್ದವು: ಗಿಡ್ಡ ದಪ್ಪ ಮೈ, ತ್ರಿಕೋನದ ತಲೆ, ಒಣಗಿದೆಲೆಯ ಬಣ್ಣ. ನಡವಳಿಕೆ ಹೊಂದುತ್ತಿರಲಿಲ್ಲ. ನೀರಿನಲ್ಲಿ ಮಲಗುವುದು ಇದಕ್ಕೆ ಇಷ್ಟವೆಂದು ಪುಟ ಹೇಳುತ್ತಿತ್ತು. ಇದು ಬಟ್ಟಲಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಎಲೆಗಳ ನಡುವೆ ಸುರುಳಿಯಾಗಿ ಬಿದ್ದು, ಎರೆಹುಳುವಿನಂಥ ಬಾಲದ ತುದಿಯನ್ನು ತನ್ನ ಮೂತಿಯ ಮುಂದೆಯೇ ಕುಣಿಸುತ್ತಿತ್ತು.

"ನೋಡು ಹುಬ್ಬಳ್ಳಿ, ನಾಯಿ ಹಾಗೆ ಬಾಲ ಆಡಿಸ್ತದೆ! ನಿಮಗೆ ಹಾವು ಅಂದ್ರೆ ನಾಗಪಂಚಮಿಯ ಉಂಡೆ ಮಾತ್ರ ಗೊತ್ತು."

ಹಾವು ಸಾಕುವವರ ಆನ್‌ಲೈನ್ ವೇದಿಕೆಯೊಂದರಲ್ಲಿ, ದೇಶದ ಹೆಸರು ಹೇಳದೆ, ಬಾಲದ ಬಗ್ಗೆ ಕೇಳಿದೆವು. ಯಾರೋ ಅಪರಿಚಿತರು ಉತ್ತರಿಸಿದರು: "ಮೊದಲು ಒಂದು ಫೋಟೋ ಹಾಕಿ. ಅಲ್ಲಿಯವರೆಗೆ ಕೈ ಹಾಕಬೇಡಿ."

ಅಂಕಲ್ ಆ ಎರಡು ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿದರು. "ಫೋಟೋ ಬೇಡ ಮಾರಾಯ. ಯಾವ ಡಿಪಾರ್ಟ್‌ಮೆಂಟಿನವ ಕೂತಿದ್ದಾನೋ" ಎಂದರು. ನನಗೂ ಅದೇ ಸರಿ ಎನಿಸಿತು.

ಕೆಲವು ವಾರಗಳ ನಂತರ ನಾನು ಮೆಲ್ಬರ್ನಿಗೆ ಹೋದೆ. ಶನಿವಾರ ಮಧ್ಯಾಹ್ನ, ಆಂಟಿ ಡ್ಯೂಟಿಯಲ್ಲಿದ್ದರು. ನಾವಿಬ್ಬರೂ ಪೆಟ್ಟಿಗೆ ಸ್ವಚ್ಛ ಮಾಡುತ್ತಿದ್ದೆವು. ಹಾವಿಗೆ ಅಡಗಲೆಂದು ಅಂಕಲ್ ಇಟ್ಟಿದ್ದ ತೆಂಗಿನ ಕರಟವನ್ನು ಎತ್ತಲು ನಾನು ಕೈ ಚಾಚಿದೆ. ಹಾವು ಇನ್ನೊಂದು ಮೂಲೆಯಲ್ಲಿ ಇದೆ ಎಂದೇ ಇಬ್ಬರೂ ತಿಳಿದಿದ್ದೆವು. ಅಂಕಲ್ ನನ್ನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿದರು. "ನಿನ್ನ ಕೈಗೆ ಸೆಂಟಿನ ವಾಸನೆ. ಅದಕ್ಕೆ ಆಗುದಿಲ್ಲ." ತಾವೇ ಕೈ ಹಾಕಿದರು.

ನಾನು ಹಾವನ್ನು ಕಾಣಲೇ ಇಲ್ಲ. ಎಲೆಗಳು ಒಮ್ಮೆ ಹಾರಿದ್ದು ಕಂಡಿತು. ಅಂಕಲ್ ಕೈ ಹೊರಗೆಳೆದು ಪೆಟ್ಟಿಗೆಗೆ ಮುಚ್ಚಳ ಹಾಕಿ ಚಿಲಕ ಸಿಕ್ಕಿಸಿದರು. ಹೆಬ್ಬೆರಳ ಬುಡದಲ್ಲಿ ಎರಡು ಚುಕ್ಕೆ, ಸೂಜಿ ತಾಗಿದಷ್ಟು ರಕ್ತ.

"ಡಾಕ್ಟರ್ ಹತ್ರ ಹೋಗೋಣ್ರಿ."

"ಹೋಗಿ ಎಂತ ಹೇಳುದು? ಬೋವಾ ಕಚ್ಚಿತು ಅಂತವಾ? ನೋವು ಸಹ ಇಲ್ಲ. ಡೆಟಾಲ್ ಹಾಕಿದ್ರೆ ಆಯ್ತು. ಆಂಟಿಗೆ ಹೇಳಬೇಡ, ಹಾಂ?"

ಊಟಕ್ಕೆ ಕುಳಿತೆವು. ಸ್ವಲ್ಪ ಹೊತ್ತಿಗೆ ಅಂಕಲ್ ಕಣ್ಣುರೆಪ್ಪೆಗಳು ಅರ್ಧಕ್ಕೆ ಇಳಿದವು. ನಿದ್ದೆ ಬರ್ತಾ ಉಂಟು, ಸ್ವಲ್ಪ ಮಲಗ್ತೇನೆ ಎಂದರು. ಮಾತು ಕುಡಿದವರಂತೆ ತೊದಲುತ್ತಿತ್ತು. ಕುಡಿದ ನೀರು ಮೂಗಿನಿಂದ ಬಂತು. ನಾನು ಫೋನ್ ಎತ್ತಿಕೊಂಡಾಗ ಅವರು ಬೇಡವೆಂದು ಕೈಯಾಡಿಸಿದರು. ಆ ಕೈ ಮೇಜಿನ ಮೇಲೆ ಬಿದ್ದುದು ಮತ್ತೆ ಏಳಲಿಲ್ಲ.

ಫೋನಿನಲ್ಲಿ ಆಂಬ್ಯುಲೆನ್ಸಿನ ಹೆಂಗಸಿಗೆ ನಾನು ಬೋವಾ ಎಂದೆ. ಆಕೆ, "ಅದನ್ನು ಮರೆತುಬಿಡಿ, ವಿಷದ ಹಾವೆಂದೇ ತಿಳಿಯಿರಿ. ಅವರನ್ನು ಅಲುಗಾಡಿಸಬೇಡಿ. ಬೆರಳಿನಿಂದ ಹೆಗಲವರೆಗೆ ಬಿಗಿಯಾಗಿ ಸುತ್ತಿ" ಎಂದಳು. ಆಂಟಿಯ ಹತ್ತಿಯ ದುಪಟ್ಟಾ ಹರಿದು ಸುತ್ತಿದೆ. ಈಗಲೂ ಚಾಟ್ಸ್‌ವುಡ್‌ನ ಆಫೀಸಿನಲ್ಲಿ, ಮೀಟಿಂಗಿನ ನಡುವೆ, ನನ್ನ ಕೈ ಮೇಜಿನ ಕೆಳಗೆ ಆ ಬಟ್ಟೆಯನ್ನು ಸುತ್ತುತ್ತಿರುತ್ತದೆ. ಕಚ್ಚಿದ ತಕ್ಷಣ ಸುತ್ತಬೇಕಿತ್ತಂತೆ. ನಾವು ಅಷ್ಟು ಹೊತ್ತು ಅನ್ನ ಕಲಸುತ್ತ ಕೂತಿದ್ದೆವು.

ಹಾವನ್ನು ಒಯ್ಯಲು ಬಂದ ಅಧಿಕಾರಿ ಗಾಜಿನ ಹೊರಗಿನಿಂದ ಒಮ್ಮೆ ನೋಡಿದ್ದೇ ಹೇಳಿದ: ಡೆತ್ ಆ್ಯಡರ್. ಇದೇ ದೇಶದ ಕಡುವಿಷದ ಹಾವು. ಆ ಬೋವಾ ನೋಡಲು ಇದರ ಹಾಗೆಯೇ ಇರುತ್ತದೆ. ಬಾಲ ಕುಣಿಸುವುದು ಬೇಟೆಯನ್ನು ಹತ್ತಿರ ಕರೆಯಲು. ಪೇಟೆಯ ಯಾವ ಹಾವಿನ ಅಂಗಡಿಯವನಿಗೆ ತೋರಿಸಿದ್ದರೂ ನೋಡಿದೊಡನೆ ಹೇಳುತ್ತಿದ್ದ. ಕೊಲ್ಲುತ್ತಾರೆಂಬ ಭಯದಿಂದ ನಾವು ಮುಚ್ಚಿಟ್ಟ ಹಾವನ್ನು ಯಾರೂ ಕೊಲ್ಲುವವರೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಮದ್ದು ಕೊಟ್ಟರು, ಉಸಿರಾಟಕ್ಕೆ ಯಂತ್ರ ಹಾಕಿದರು. ವಿಷ ಇಳಿಯುವುದನ್ನು ಕಾಯುತ್ತಿರುವಾಗಲೇ ಶ್ವಾಸಕೋಶಕ್ಕೆ ಸೋಂಕು ತಗುಲಿ ಅಂಕಲ್ ತೀರಿಕೊಂಡರು.

ಅದಕ್ಕೂ ಮೊದಲು ಒಮ್ಮೆ ನನ್ನನ್ನು ಒಳಗೆ ಬಿಟ್ಟಿದ್ದರು. ಅಂಕಲ್‌ಗೆ ಎಚ್ಚರವಿತ್ತು, ಆದರೆ ರೆಪ್ಪೆ ಎತ್ತುವಷ್ಟೂ ಶಕ್ತಿ ಇರಲಿಲ್ಲ. ನನ್ನ ಮೇಲೆ ರೇಗುತ್ತಾರೆಂದು ಆಂಟಿಯ ಮುಖ ನೋಡಲು ಅಂಜುತ್ತಿದ್ದೆ. ಅವರು ಗಂಡನ ಹಣೆಯ ಮೇಲೆ ಕೈಯಿಟ್ಟು, ಹೆಬ್ಬೆರಳಿನಿಂದ ಒಂದು ರೆಪ್ಪೆಯನ್ನು ಮೆಲ್ಲಗೆ ಮೇಲೆತ್ತಿ ಹಿಡಿದರು.

"ಯಾರು ಬಂದಿದ್ದಾರೆ ನೋಡಿ, ನಿಮ್ಮ ಹುಬ್ಬಳ್ಳಿ. ಇವರಿಗೆ ಎಲ್ಲ ಕೇಳ್ತದೆ. ಮಾತಾಡು ಮಗ."

ನನಗೆ ಒಂದೇ ಮಾತು ತೋಚಿತು. "ಅಂಕಲ್, ಅದನ್ನ ಕೊಲ್ಲಂಗಿಲ್ರಿ. ಲೈಸೆನ್ಸ್ ಇದ್ದೋರ ಹತ್ರ ಬಿಟ್ಟಾರ. ಚಲೋ ಐತಿ."

ಆ ಒಂದು ಕಣ್ಣು ನನ್ನ ಮೇಲೆಯೇ ನಿಂತಿತ್ತು. ಏನಾದರೂ ಹೇಳಿತೇ, ನನಗೆ ಗೊತ್ತಾಗಲಿಲ್ಲ. ಆಂಟಿ ಕಣ್ಣಂಚಿನಲ್ಲಿ ತುಂಬಿದ ನೀರನ್ನು ಹತ್ತಿಯಿಂದ ಒತ್ತಿ ತೆಗೆದು, "ಸಾಕು, ಕಣ್ಣು ಒಣಗ್ತದೆ" ಎಂದು ರೆಪ್ಪೆಯನ್ನು ಮತ್ತೆ ಕೆಳಗಿಳಿಸಿದರು.