ಬೊಗಳದ ಮಡ್‌ಪಪ್ಪಿ

ತರೀಕೆರೆಯ ಕಾಲೇಜಿಗೆ ಜೀವಶಾಸ್ತ್ರದ ಪಾಠ ಮಾಡಲು ಸೇರಿದ ಹೊಸತರಲ್ಲೇ ನನಗೂ ನಮ್ಮ ವಿಭಾಗದ ಹಿರಿಯ ಮೇಷ್ಟರಿಗೂ ಕೆಟ್ಟುಹೋಯಿತು. ಕಾರಣ, ಲ್ಯಾಬಿನ ಬೀರುವಿನಲ್ಲಿ ಫಾರ್ಮಲಿನ್ ತುಂಬಿದ ಜಾಡಿಯೊಳಗೆ ಬಿಳಿಚಿಕೊಂಡು ಬಿದ್ದಿದ್ದ ಒಂದು ಸಲಮ್ಯಾಂಡರ್. ಹಲ್ಲಿಯಂಥ ಮೈ, ಕತ್ತಿನ ಎರಡೂ ಬದಿಗೆ ಕುಚ್ಚಿನಂತೆ ಇಳಿಬಿದ್ದ ಕಿವಿರು. ಹುಟ್ಟಿನಿಂದ ಸಾಯುವತನಕ ನೀರಲ್ಲೇ ಇರುವ ಅಮೆರಿಕದ ಪ್ರಾಣಿ. ಇಂಗ್ಲಿಷಿನಲ್ಲಿ ಅದಕ್ಕೆ ಮಡ್‌ಪಪ್ಪಿ, ಅಂದರೆ ಕೆಸರಿನ ನಾಯಿಮರಿ ಎಂದು ಹೆಸರು.

"ನಾಯಿ ಥರಾನೇ ಬೊಗಳುತ್ತೆ, ಅದಕ್ಕೇ ಆ ಹೆಸರು" ಎಂದು ಮೇಷ್ಟರು ವರ್ಷಗಳಿಂದ ಹೇಳಿಕೊಡುತ್ತಿದ್ದರು. ಅಜ್ಜಂಪುರದಿಂದ ಬರುತ್ತಿದ್ದ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: "ನಿಜವಾಗ್ಲೂ ಬೊಗಳ್ತದಾ ಮಿಸ್?"

ಇಲ್ಲ, ಹಿಡಿದೆತ್ತಿದರೆ ಕೀಚ್ ಅನ್ನಬಹುದು ಅಷ್ಟೆ. ಬೊಗಳುತ್ತದೆಂದು ಅಲ್ಲಿನ ಜನ ನಂಬಿದ್ದರಿಂದ ಹೆಸರು ಅಂಟಿಕೊಂಡಿತು ಎಂದೆ. ಅವಳು ನೆಟ್ಟಗೆ ಹೋಗಿ ಮೇಷ್ಟರಿಗೇ ಹೇಳಿಬಿಟ್ಟಳು.

ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಎಲ್ಲರೂ ಊಟದ ಡಬ್ಬಿ ಬಿಚ್ಚಿದ್ದರು. ಮೇಷ್ಟರು ನನ್ನೆದುರು ಬಂದು ನಿಂತರು. "ಏನ್ರೀ ಮೇಡಂ, ನಾನು ಸುಳ್ಳು ಹೇಳ್ಕೊಡ್ತೀನಾ? ನೀವು ಅಮೆರಿಕಕ್ಕೆ ಹೋಗಿ ಕೇಳಿಸ್ಕೊಂಡು ಬಂದಿದ್ದೀರಾ?"

"ನೀವು ಹೋಗಿದ್ರಾ ಸಾರ್?"

ಆ ಮಾತು ಆಡಬಾರದಿತ್ತು ಎಂದು ನನಗೆ ಇವತ್ತಿಗೂ ಅನಿಸಿಲ್ಲ. ಅವರು ಕೂಗಾಡಿದ್ದು ಕಾರಿಡಾರಿನ ತುದಿಯವರೆಗೂ ಕೇಳಿಸಿತು. ಮಾರನೆಯ ದಿನದಿಂದಲೇ ಹುಡುಗರು ಅವರನ್ನು ಬೆನ್ನ ಹಿಂದೆ ಮಡ್‌ಪಪ್ಪಿ ಎನ್ನತೊಡಗಿದರು. ಹೆಸರಿಟ್ಟವಳು ನಾನೇ ಎಂದು ಮೇಷ್ಟರು ತೀರ್ಮಾನಿಸಿಬಿಟ್ಟರು. ಬೀರುವಿಗೆ ಬೀಗ ಜಡಿದು ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಅದರೊಳಗಿದ್ದ ಕಪ್ಪೆಯಿಂದ ಹಾವಿನವರೆಗೆ ಎಲ್ಲವನ್ನೂ ನಾನು ಬೋರ್ಡಿನ ಮೇಲೆ ಚಿತ್ರ ಬರೆದೇ ತೋರಿಸಬೇಕಾಯಿತು. ಪ್ರಿನ್ಸಿಪಾಲರಿಗೆ ದೂರು ಕೊಟ್ಟರೆ, "ಹೊಂದ್ಕೊಂಡು ಹೋಗ್ರಮ್ಮ" ಅಂದರು. ನಾನೂ ಹಟ ಹಿಡಿದೆ. ಅವರು ನಿವೃತ್ತರಾಗುವವರೆಗೂ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಬೀಳ್ಕೊಡುಗೆಗೂ ನಾನು ಹೋಗಲಿಲ್ಲ.

ಆಮೇಲೆ ಅಟೆಂಡರ್ ಕೀಲಿ ತಂದುಕೊಟ್ಟ. ಬೀರು ತೆಗೆದರೆ ಆ ಜಾಡಿ ಇರಲಿಲ್ಲ. "ಸಾರ್ ಮನೆಗೆ ತಗೊಂಡ್ಹೋದ್ರು ಮೇಡಂ" ಅಂದ.

ಕಡೂರಿನಿಂದ ಬಸ್ಸಿನಲ್ಲಿ ಬಂದು ಬೀರೂರಿನಲ್ಲಿ ರೈಲು ಹಿಡಿಯುವವಳು ನಾನು. ಒಂದು ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ ಮೇಷ್ಟರು ಎದುರಾದರು.

"ಕಾಲೇಜಿನ ಜಾಡಿ ವಾಪಸ್ ಕೊಡಿ ಸಾರ್."

"ಅದು ಬೊಗಳಿದ ದಿನ ಹೇಳಿ ಕಳಿಸ್ತೀನಿ, ಬಂದು ತಗೊಂಡ್ಹೋಗಿ."

ನನಗೆ ನಗು ಬರಲಿಲ್ಲ. ಅವರೂ ನಗಿಸಲು ಹೇಳಿರಲಿಲ್ಲ. ರೈಲು ಬಂತು. ಅವರು ಹತ್ತಿದ ಬೋಗಿಯನ್ನು ಬಿಟ್ಟು ಹಿಂದಿನದಕ್ಕೆ ಓಡಿದೆ. ಅಲ್ಲಿ ಕಾಲಿಡಲೂ ಜಾಗವಿರಲಿಲ್ಲ. ತರೀಕೆರೆಯವರೆಗೂ ನಿಂತೇ ಹೋದೆ.