ತಲೆದಿಂಬಿನ ಉಣ್ಣೆ

ಅತ್‌ಬಾಶಿಯ ಬೆಟ್ಟಗಳು ಇನ್ನೂ ಮಂಜಿನ ಮುಸುಕು ಸರಿಸಿಲ್ಲ. ಅಂಗಳದಲ್ಲಿ ಹರಡಿದ ಜೊಂಡಿನ ಚಾಪೆಯೆದುರು ಜೂರಾಕಾನ್ ಮೊಣಕಾಲೂರಿ ಕುಳಿತಿದ್ದಾರೆ. ‘ಬಿಸ್ಮಿಲ್ಲಾ’ ಎಂದು ತುಟಿಯಲ್ಲೇ ನುಡಿದು ಮೊದಲ ಹಿಡಿ ಉಣ್ಣೆಯನ್ನು ಉದುರಿಸುತ್ತಾರೆ. ಕಂದು, ಬಿಳಿ, ಮಂಜಿಷ್ಠದ ಕೆಂಪು. ಬೆರಳ ಸಂದಿನಿಂದ ಇಳಿಯುವ ಎಳೆಗಳು ಟಗರಿನ ಕೊಂಬಾಗಿ, ಹರಿವ ತೊರೆಯಾಗಿ ಮೆಲ್ಲಮೆಲ್ಲನೆ ರೂಪುತಳೆಯುತ್ತವೆ.

ಅರುವತ್ತಮೂರರ ಈ ತಾಯಿಯ ಕಲೆಗೆ ರಾಟೆಯೂ ಬೇಡ, ಮಗ್ಗವೂ ಬೇಡ. ಬಿಸಿನೀರು ಚಿಮುಕಿಸಿ, ಚಾಪೆಸಮೇತ ಸುರುಳಿ ಸುತ್ತಿ, ಹಗ್ಗ ಬಿಗಿದು ತುಳಿದುರುಳಿಸಿದರೆ ಎಳೆಗಳು ತಾವಾಗಿಯೇ ಒಂದನ್ನೊಂದು ಅಪ್ಪಿಕೊಳ್ಳುತ್ತವೆ. ಹಾಗೆ ಹುಟ್ಟುವ ಹಾಸೇ ಕಿಯೀಜ್. ಒಂದಕ್ಕೆ ಹನ್ನೆರಡು ಕಿಲೋ ಉಣ್ಣೆ, ಒಂಬತ್ತು ಕೆಟಲು ನೀರು, ಆರು ಜೋಡಿ ಕಾಲು. ಉಣ್ಣೆ ಮನೆಯದೇ. ಪತಿ ತೀರಿಕೊಂಡ ಮೇಲೂ ನಲವತ್ತೊಂದು ಕುರಿಗಳ ಮಂದೆಯನ್ನು ಅವರು ಕೈಬಿಟ್ಟಿಲ್ಲ.

“ನಾನು ಬರೀ ಹರಡ್ತೀನಿ. ಒಳಗೆ ಚಿತ್ರ ಎಲ್ಲಿಗೆ ಸರಿಯುತ್ತೋ ದೇವರಿಗೇ ಗೊತ್ತು. ಕನಸಿಗೆ ಹೀಗೇ ಬೀಳು ಅಂತ ಹೇಳೋಕಾಗುತ್ತಾ?” ಎನ್ನುತ್ತಾರೆ.

ಇಂದಿನ ಹಾಸು ಮಗಳು ಬುರುಲ್‌ಗಾಗಿ. ಅವಳ ಮದುವೆಗೆ ಮೂರೇ ದಿನ. ತಾಯಿಯ ಕೈಯ ಕಿಯೀಜ್ ಇಲ್ಲದೆ ಹೆಣ್ಣು ಹೊಸಿಲು ದಾಟುವ ವಾಡಿಕೆ ಇಲ್ಲಿಲ್ಲ.

ಮನೆಯವರೂ ನೆರೆಯ ಹೆಂಗಸರೂ ಸೇರಿ ಎರಡು ಗಂಟೆ ತುಳಿದು ಸುರುಳಿ ಬಿಚ್ಚಿದಾಗ ಅಂಚೆಲ್ಲ ಹದವಾಗಿ ಕೂಡಿದೆ. ನಡುಭಾಗ ಮಾತ್ರ ಮುಟ್ಟಿದರೆ ಬಿಡಿಬಿಡಿಯಾಗಿ ಕೈಗೆ ಬರುತ್ತದೆ.

“ಇದನ್ನ ಯಾವ ಚೀಲದಿಂದ ತಂದೆ ಮಗಳೇ?” ಜೂರಾಕಾನ್ ಸೊಸೆಯನ್ನು ಕೇಳುತ್ತಾರೆ.

ಮೂರು ತಿಂಗಳ ಹಿಂದಷ್ಟೇ ಸೊಸೆಯಾಗಿ ಬಂದ ಚಿನಾರಾಳ ಮುಖ ಬಿಳುಪೇರುತ್ತದೆ. “ಬಾಗಿಲ ಪಕ್ಕದ್ದು, ಅತ್ತೆ...”

“ಅದು ವಸಂತದಲ್ಲಿ ಕತ್ತರಿಸಿದ್ದು ಕಣೇ, ಹಗ್ಗ ಹೊಸೆಯೋಕೆ ಇಟ್ಟಿದ್ದು. ಶರತ್ಕಾಲದ ಉಣ್ಣೆ ಅಲ್ದೆ ಬೇರೇದು ಕೂಡಲ್ಲ.”

“ನಿನ್ನ ತವರಲ್ಲಿ ಕುರಿ ಇರ್ಲಿಲ್ವೇನೇ? ಬರೀ ಬೆಕ್ಕು ಸಾಕಿದ್ರಾ?” ನೆರೆಯ ತುರ್ದುಕಾನ್ ಚುಚ್ಚುತ್ತಾಳೆ.

“ಸುಮ್ನಿರೇ. ನೀನು ಬಂದ ಹೊಸದ್ರಲ್ಲಿ ಹಗ್ಗಾನೇ ಕಟ್ಟದೆ ಉರುಳಿಸಿದ್ದೆ. ಬೀದಿಯೆಲ್ಲ ಉಣ್ಣೆ ಹೊದ್ಕೊಂಡಿತ್ತು!” ಜೂರಾಕಾನ್ ತಿರುಗೇಟು ಕೊಡುತ್ತಾರೆ.

ಎಲ್ಲರೂ ನಕ್ಕ ನಗು ಬೇಗನೆ ಆರುತ್ತದೆ. ಶರತ್ಕಾಲದ ಉಣ್ಣೆ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಒಂದೆಳೆಯೂ ಉಳಿದಿಲ್ಲ. ಮಂದೆ ಮೇಲಿನ ಹುಲ್ಲುಗಾವಲಿನಿಂದ ಇಳಿದು ಕತ್ತರಿಗೆ ಸಿಗಲು ಇನ್ನೂ ಹತ್ತು ದಿನ. ಜೂರಾಕಾನ್ ಒಳಹೋಗಿ ತಮ್ಮ ತಲೆದಿಂಬನ್ನು ತರುತ್ತಾರೆ. ನಲವತ್ತು ವರ್ಷದ ಹಿಂದೆ ಅವರ ತಾಯಿ ಮದುವೆಗೆ ಕೊಟ್ಟದ್ದು. ಒಳಗಿರುವುದು ಕುರಿಮರಿಗಳ ಶರತ್ಕಾಲದ ಮೊದಲ ಉಣ್ಣೆ.

“ಬೇಡಮ್ಮಾ, ಅದು ಅಜ್ಜಿ ಕೊಟ್ಟಿದ್ದು,” ಬುರುಲ್ ಕೈ ಹಿಡಿಯುತ್ತಾಳೆ. “ನೀನು ತಲೆ ಎಲ್ಲಿಡ್ತೀಯ?”

“ಚಿನಾರಾ ಇಷ್ಟೊಂದು ವಸಂತದ್ದು ತಂದಿದಾಳಲ್ಲ, ಅದನ್ನೇ ತುಂಬ್ಕೋತೀನಿ!”

ಅಳುಮುಖ ಮಾಡಿಕೊಂಡಿದ್ದ ಚಿನಾರಾ ಫಕ್ಕನೆ ನಗುತ್ತಾಳೆ. ಕೋಲುಗಳಿಂದ ಬಡಿದಂತೆಲ್ಲ ದಿಂಬಿನ ಹಳೆಯ ಉಣ್ಣೆ ಹಿಂಜಿದ ಮೋಡದಂತೆ ಅರಳುತ್ತದೆ. ಕೂಡದ್ದನ್ನು ಕಿತ್ತು, ಆ ಮೋಡವನ್ನು ಅಲ್ಲಿ ಹರಡಿ, ಮತ್ತೆ ನೀರು, ಮತ್ತೆ ಸುರುಳಿ, ಮತ್ತೆ ಆರು ಜೋಡಿ ಕಾಲು.

ಇಳಿಬಿಸಿಲಿನಲ್ಲಿ ಚಾಪೆ ಬಿಚ್ಚಿಕೊಳ್ಳುತ್ತದೆ. ತೊರೆ ತುಸು ಬಾಗಿದೆ, ಕೊಂಬುಗಳು ದೂರ ಸರಿದಿವೆ. ನಡುವೆ ಯಾರೂ ಬರೆಯದ ಒಂದು ಮಾಸಲು ಬಿಳಿಯ ಮೋಡ ಗಟ್ಟಿಯಾಗಿ ನಿಂತಿದೆ. ಇನ್ನೂ ಒದ್ದೆಯಿರುವ ಅದರ ಮೇಲೆ ಬುರುಲ್ ಕೆನ್ನೆಯಿಟ್ಟು ಕಣ್ಣು ಮುಚ್ಚುತ್ತಾಳೆ.

ಜೂರಾಕಾನ್ ಕೈಯ ನೀರು ಕೊಡವಿಕೊಳ್ಳುತ್ತಾರೆ.

“ಹೊಸ ಮನೇಲಿ ಮೊದಲನೇ ರಾತ್ರಿ ನಂಗೆ ನಿದ್ದೆ ಹತ್ತಿದ್ದು ಇದೇ ಉಣ್ಣೆ ಮೇಲೆ. ಇವಳಿಗೂ ಹತ್ತಿದ್ರೆ ಸಾಕು.”