ಆರ್ಲೋ ಬಾಯಿ ಮುಚ್ಚಿಕೊಂಡು ತುಂಬಿದ ಮೂರು ತೋಟಾ

ಮೊಂಟಾನಾದ ನಮ್ಮೂರಲ್ಲಿ ಬಂದೂಕಿನ ಗುರಿ ಸ್ಪರ್ಧೆಯಲ್ಲಿ ಬಹುಮಾನದ ಟರ್ಕಿ ಕೋಳಿ ಗೆದ್ದವರ ಮನೆಯಲ್ಲೇ ಬಂಧುಬಳಗಕ್ಕೆಲ್ಲ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟ. ಒಂಬತ್ತು ವರ್ಷದಿಂದ ಗೆಲ್ಲುತ್ತಿದ್ದವನು ಡೆಲ್ಬರ್ಟ್. ಅವನು ಬೇಯಿಸಿದ ಕೋಳಿಗಿಂತ ಕುದುರೆಯ ಜೀನು ಅಗಿಯುವುದು ಸುಲಭ. ಅವನ ತಂಗಿ ಬರ್ನಿಸ್ ಗಂಡನಿಗೆ ಹೇಳಿಬಿಟ್ಟಳು: "ಈ ಸಲ ಊಟ ನಮ್ಮನೇಲೇ ಆಗ್ಬೇಕು. ಇಲ್ದಿದ್ರೆ ನೀವೊಬ್ರೇ ಹೋಗಿ ಅಗೀರಿ."

ಗಂಡ ಆರ್ಲೋ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಅಂಗಡಿಯ ತೋಟಾ ತನ್ನ ಬಂದೂಕಿಗೆ ಒಗ್ಗುವುದಿಲ್ಲ, ತಾನೇ ತುಂಬಿಕೊಳ್ಳುತ್ತೇನೆ ಎಂದು ನೆಲಮಾಳಿಗೆಯಲ್ಲಿ ಒತ್ತುವ ಯಂತ್ರ, ಪುಟ್ಟ ತಕ್ಕಡಿ ಎಲ್ಲ ಹೂಡಿದ. ಹಾರಿಸಿ ಬಿಸಾಡಿದ ತೋಟಾಗಳ ಹಿತ್ತಾಳೆ ಚಿಪ್ಪುಗಳನ್ನು ಆಯ್ದು ತಂದು, ಹೊಳಪಿಗೆಂದು ಅಕ್ರೋಟು ಸಿಪ್ಪೆಯ ಪುಡಿಯಲ್ಲಿ ಹಾಕಿ ಎಷ್ಟು ಉರುಳಿಸಿದನೆಂದರೆ, ಬರ್ನಿಸ್ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿದಳು. ತೋಟಾ ತುಂಬುವುದನ್ನು ಕಲಿಸುವ ಪುಸ್ತಕದ ಮೊದಲ ಮಾತೇ, ಮದ್ದು ಸುರಿಯುವಾಗ ಹರಟಬೇಡಿ. ಆರ್ಲೋಗೆ ಅದು ಉಸಿರಾಡಬೇಡಿ ಅಂದಂತೆ.

ಸ್ಪರ್ಧೆಯ ದಿನ ಬೆಳಿಗ್ಗೆ ಆರ್ಲೋ ತೋಟಾ ತುಂಬಲು ಕೂತಿದ್ದಾಗ ಡೆಲ್ಬರ್ಟ್ ನೆಲಮಾಳಿಗೆಯ ಮೆಟ್ಟಿಲಿಳಿದು ಬಂದ.

"ಏನ್ ಭಾವ, ಔಷಧಿ ಅಂಗಡಿ ಇಟ್ಯಾ? ಹೋದ ವರ್ಷ ನೀನು ಗುರಿ ತಪ್ಪಿದ ಆ ಕಡವೆ ದಾರೀಲಿ ಸಿಕ್ಕಿತ್ತು. ಆರ್ಲೋ ಚೆನ್ನಾಗಿದಾನಾ ಅಂತ ಕೇಳ್ತು."

"ಅದು ಕಡವೆ ಅಲ್ಲ ಮಾರಾಯ, ಗುಡ್ಡ!"

ಶುರುವಾಯಿತು. ಕೈಯಲ್ಲಿ ಮದ್ದು, ಬಾಯಲ್ಲಿ ಕಡವೆ. ಹತ್ತನೇ ತೋಟಾದ ಹೊತ್ತಿಗೆ ಕಡವೆ ಬಸ್ಸಿನಷ್ಟಾಯಿತು. ಮೂವತ್ತಕ್ಕೆ ಅದರ ಕೊಂಬಿನಲ್ಲಿ ಹದ್ದುಗಳು ಸಂಸಾರ ಹೂಡಿದವು. ಐವತ್ತನೆಯದಕ್ಕೆ ಗುಂಡು ಕೂರಿಸುವಾಗ ಡೆಲ್ಬರ್ಟ್ ನಗುತ್ತಾ ಹೊರಟ. ಆರ್ಲೋ ಹೆಂಡತಿಯನ್ನು ಕೂಗಿ ಕರೆದ.

"ಬರ್ನಿಸ್, ಎಲ್ಲದಕ್ಕೂ ಮದ್ದು ಹಾಕಿದ್ನೋ, ಯಾವುದಕ್ಕಾದ್ರೂ ಬಿಟ್ನೋ, ನೆನಪೇ ಇಲ್ಲ ಕಣೇ."

"ಹಾರಿಸಿ ನೋಡಿ."

"ಮದ್ದಿಲ್ಲದ ತೋಟಾದ ಗುಂಡು ಬಂದೂಕಿನ ನಳಿಗೇಲೇ ಸಿಕ್ಕೊಂಡ್ರೆ? ಮುಂದಿನ ಗುಂಡಿಗೆ ಬಂದೂಕೇ ಸೀಳಿಹೋಗುತ್ತೆ!"

ತೋಟಾ ಬಿಚ್ಚಿ ನೋಡಲು, ಗುಂಡು ಕೀಳುವ ಟೊಳ್ಳು ಸುತ್ತಿಗೆಯೊಳಗೆ ಒಂದೊಂದೇ ತೋಟಾ ಇಟ್ಟು ನೆಲಕ್ಕೆ ಕುಟ್ಟಿದ. ಟೊಕ್, ಟೊಕ್. ಪಕ್ಕದ ಮನೆಯವರು ಎಂಟು ಸಲ ಬಾಗಿಲು ತೆರೆದು "ಯಾರದು, ಒಳಗ್ಬನ್ನಿ" ಅಂದರು. ಕೊನೆಗೆ ನೋಡಿದರೆ ಐವತ್ತರಲ್ಲೂ ಮದ್ದು ಸರಿಯಾಗಿಯೇ ಇತ್ತು!

ಈಗ ಐವತ್ತೂ ಬಿಚ್ಚಿಬಿದ್ದಿದ್ದವು, ಸ್ಪರ್ಧೆಗೆ ಉಳಿದದ್ದು ಒಂದೇ ಗಂಟೆ. ಬೇಕಾದದ್ದೂ ಮೂರೇ ತೋಟಾ. ಬರ್ನಿಸ್ ಹಲ್ಲಿಗಂಟುವ ದೊಡ್ಡ ಟಾಫಿಯೊಂದನ್ನು ಗಂಡನ ಬಾಯಿಗೆ ತುರುಕಿ, ಮೆಟ್ಟಿಲ ಮೇಲೆ ಕಾವಲು ಕೂತಳು. ಆ ಮನೆಯಲ್ಲಿ ಅಷ್ಟು ಮೌನ ಮದುವೆಯಾದಾಗಿನಿಂದ ಇರಲಿಲ್ಲ.

ಸ್ಪರ್ಧೆಯಲ್ಲಿ ಮೂರು ಗುಂಡೂ ಗುರಿಹಲಗೆಯ ನಟ್ಟನಡುವೆ ಬಿದ್ದವು.

"ಅದೇನ್ ತುಂಬಿದ್ಯೋ ಭಾವ ಅದ್ರೊಳಗೆ?" ಡೆಲ್ಬರ್ಟ್ ಕಣ್ಣರಳಿಸಿದ.

ಆರ್ಲೋ ಬಾಯಿ ತೆರೆಯಲು ಹೆಣಗಿದ, ಟಾಫಿ ಬಿಡಲಿಲ್ಲ.

"ಗುರುವಾರ ಹಬ್ಬದೂಟಕ್ಕೆ ಬಾ ಅಣ್ಣ, ಹೇಳ್ತಾರೆ," ಕೋಳಿ ಎತ್ತಿಕೊಂಡು ಬರ್ನಿಸ್ ಅಂದಳು.

ಹೇಳಿದ. ಕೋಳಿ ಬೆಣ್ಣೆಯಂತಿತ್ತು. ಊಟ ಮುಗಿಯುವುದರೊಳಗೆ ಆರ್ಲೋನ ಕಥೆಯಲ್ಲಿ ಮೂರನೇ ಗುಂಡು ಹಲಗೆ ತೂರಿ, ಹೊಳೆ ದಾಟಿ, ಆ ಕಡವೆಯ ಕಿವಿಯ ಪಕ್ಕದಲ್ಲೇ ಹೋಗಿತ್ತು.